ಅಂಟಿಸಿದ ಚೀಟಿ ಕೀಳಬಾರದು

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ಏನೆಂದು ಕೇಳಿದರೆ, ಒಣಗಿದ ಹುಲ್ಲನ್ನು ಕಾಗದಕ್ಕೆ ಅಂಟಿಸುತ್ತಿದ್ದೆ ಎನ್ನಬೇಕು. ಹೇಳಿದರೆ ನೆಂಟರು ನಗುತ್ತಾರೆ. ಮದುವೆಮನೆಗಳಲ್ಲಿ ನನ್ನ ತಾಯಿ "ಇವಳು ಕಾಲೇಜಿನಲ್ಲಿದ್ದಾಳೆ" ಎಂದಷ್ಟೇ ಪರಿಚಯಿಸಿ ಮಾತು ನಿಲ್ಲಿಸಿಬಿಡುತ್ತಿದ್ದರು. ಪಾಠ ಮಾಡುತ್ತೇನೆಂದು ಜನ ತಿಳಿದುಕೊಂಡರೆ ಅವರಿಗೇನೂ ಬೇಸರವಿರಲಿಲ್ಲ. ನಾನು ಡೊಂಬಿವಲಿಯ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಲ್ಯಾಬ್ ಅಟೆಂಡೆಂಟ್ ಆಗಿ ಸೇರಿದವಳು. ಹುಡುಗರ ಬಾಯಲ್ಲಿ 'ಶೆಟ್ಟಿ ಮಾವಶಿ'. ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ಎಷ್ಟು ಸಾವಿರ ಮಕ್ಕಳಿಗೆ ಚಿಕ್ಕಮ್ಮನಾದೆನೋ ನನಗೇ ತಿಳಿಯದು. ಈಗ ನಾನು ಕೆಲಸ ಮಾಡಿದ ಕೋಣೆಗೆ ಹೊಸಬರು ಬಂದಿದ್ದಾರೆ, ಮುಂದೆಯೂ ಬರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತೆಂಬುದು ಸರ್ವಿಸ್ ಬುಕ್ಕಿನಲ್ಲಿದೆ. ಅದರಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ಕೋಣೆಯ ಹೆಸರು ಹರ್ಬೇರಿಯಂ. ಗಿಡವನ್ನು ಒತ್ತಿ, ಒಣಗಿಸಿ, ದಪ್ಪ ಬಿಳಿ ಹಾಳೆಗೆ ಅಂಟಿಸಿ, ಬಲಗಡೆಯ ಕೆಳಮೂಲೆಗೆ ಒಂದು ಚೀಟಿ ಹಚ್ಚುತ್ತೇವೆ. ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಖು, ತಂದವರು, ಗುರುತಿಸಿದವರು. ಇಷ್ಟಿದ್ದರೆ ಆ ಹಾಳೆ ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬದುಕುತ್ತದೆ. ಮುಂದೆ ಯಾರಿಗಾದರೂ ಒಂದು ಹುಲ್ಲಿನ ಹೆಸರು ಬೇಕಾದರೆ, ತಂದ ಹುಲ್ಲನ್ನು ನಮ್ಮ ಹಾಳೆಯ ಪಕ್ಕ ಇಟ್ಟು ಹೋಲಿಸಿ ನೋಡುತ್ತಾರೆ. ಹಾಗಾಗಿ ಹಾಳೆ ಎಂದರೆ ನಂಬಿಕೆ. ಇದನ್ನು ನಾನು ಆಗಲೇ ಬಲ್ಲೆ ಎಂದುಕೊಂಡಿದ್ದೆ.

ಕೆಲಸ ಕಲಿಸಿದವರು ಸಬನೀಸ್ ಮೇಡಂ. ಸಣ್ಣ ಆಳು, ದೊಡ್ಡ ಗಂಟಲು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಬರನಾಥದ ಆಚೆಯ ಗುಡ್ಡ ಹತ್ತಿದರೆ ಹುಡುಗರು ಏದುಸಿರು ಬಿಡುತ್ತ ಹಿಂದೆ ಉಳಿಯುತ್ತಿದ್ದರು. ಆ ಗುಡ್ಡವನ್ನು ಊರವರು ಪಡೀಕ, ಅಂದರೆ ಪಾಳು ಜಾಗ, ಎನ್ನುತ್ತಿದ್ದರು. ಮೇಡಂ ಅಲ್ಲಿ ಹುಲ್ಲುಗಳ ಹೆಸರು ಹಿಡಿದು ಕರೆಯುತ್ತ ನಡೆಯುತ್ತಿದ್ದರು. ಮರವಿಲ್ಲದ ನೆಲವೆಲ್ಲ ಖಾಲಿ ನೆಲವಲ್ಲ ಎಂದು ಅವರು ಬೈದು ಬೈದು ಕಲಿಸಿದ್ದು ನನಗೆ ಇವತ್ತಿಗೂ ಉಳಿದಿದೆ.

ಹುಲ್ಲು ಒತ್ತಲು ಹಳೆಯ ಪೇಪರ್ ಬೇಕು. ನನ್ನ ತಂದೆಗೆ ಸ್ಟೇಷನ್ ಹತ್ತಿರ ಸಣ್ಣ ಹೋಟೆಲಿತ್ತು. ಅಲ್ಲಿಗೆ ಬರುತ್ತಿದ್ದ ಕನ್ನಡ ಪೇಪರುಗಳನ್ನು ನಾನೇ ಕಟ್ಟು ಕಟ್ಟಾಗಿ ಹೊತ್ತು ತರುತ್ತಿದ್ದೆ, ಖರ್ಚಿಲ್ಲದೆ ಕಾಲೇಜಿನ ಮೆಚ್ಚುಗೆ ಗಿಟ್ಟಿಸುವ ಆಸೆ. ಮೊದಲ ವರ್ಷವೇ ಒಂದು ಕಟ್ಟು ಬಿಚ್ಚಿದ ಮೇಡಂ ಮೂಸಿ ನೋಡಿ, ಈ ಹುಲ್ಲು ಯಾವ ಜಾತಿಯೋ ತಿಳಿಯದು, ಸಾಂಬಾರಿನ ವಾಸನೆ ಮಾತ್ರ ಸ್ಪಷ್ಟವಾಗಿದೆ ಎಂದರು. ಪೇಪರಿನ ಎಣ್ಣೆಯೆಲ್ಲ ಮಾದರಿಗೆ ಇಳಿದಿತ್ತು. ಇಪ್ಪತ್ತು ಮಾದರಿ ಎಸೆಯಬೇಕಾಯಿತು. ಮಾರನೆಯ ದಿನದಿಂದ ಟೇಬಲ್ಲಿನ ಮೇಲಿನ ಪೇಪರ್ ಬಿಟ್ಟು ಗಲ್ಲಾಪೆಟ್ಟಿಗೆಯ ಪಕ್ಕದ ಪೇಪರ್ ಮಾತ್ರ ತಂದೆ.

ಮೇಡಂ ಎರಡು ವಿಷಯಕ್ಕೆ ಮಾತ್ರ ಯಾರನ್ನೂ ಕ್ಷಮಿಸುತ್ತಿರಲಿಲ್ಲ. ಹೂವಿಲ್ಲದ ಹುಲ್ಲಿಗೆ ಹೆಸರು ಬರೆಯಬಾರದು. ಎಲೆ ಮಾತ್ರ ನೋಡಿದರೆ ಹುಲ್ಲೆಲ್ಲ ಒಂದೇ ಥರ ಕಾಣುತ್ತದೆ, ತೆನೆ ಬಂದಾಗಲೇ ಅದರ ಕುಲ ತಿಳಿಯುವುದು. ಎರಡನೆಯದು, ಅಂಟಿಸಿದ ಚೀಟಿಯನ್ನು ಯಾವ ಕಾರಣಕ್ಕೂ ಕೀಳಬಾರದು. ಹೆಸರು ತಪ್ಪೆಂದು ಆಮೇಲೆ ತಿಳಿದರೆ ಅದರ ಪಕ್ಕ ಇನ್ನೊಂದು ಸಣ್ಣ ಚೀಟಿ ಹಚ್ಚಿ, ಸರಿಯಾದ ಹೆಸರು, ಗುರುತಿಸಿದವರು ಯಾರು, ಯಾವತ್ತು ಎಂದು ಬರೆಯಬೇಕು. ತಪ್ಪು ಅಲ್ಲಿಯೇ ಇರಬೇಕು, ತಿದ್ದಿದ್ದೂ ಇರಬೇಕು. ಇದು ನಮ್ಮ ಊರಿನ ಪದ್ಧತಿಯೇನಲ್ಲ, ಎಲ್ಲ ಹರ್ಬೇರಿಯಂಗಳಲ್ಲೂ ಹೀಗೆಯೇ.

ಮೇಡಂ ನಿವೃತ್ತರಾದ ಮೇಲಿನ ಮಳೆಗಾಲದಲ್ಲಿ ಹುಲ್ಲಿನ ಕಪಾಟಿಗೆ ಹುಳು ಬಿತ್ತು. ಅದುವರೆಗೆ ಮಾದರಿಗಳನ್ನು ಅದ್ದುತ್ತಿದ್ದ ವಿಷದ ನೀರು ಮನುಷ್ಯರಿಗೂ ಕೆಟ್ಟದ್ದೆಂದು ನಿಲ್ಲಿಸಿದ್ದರು, ಬದಲಿಗೆ ಬರಬೇಕಾದ ಫ್ರೀಜರ್ ಇನ್ನೂ ಬಂದಿರಲಿಲ್ಲ. ಕಪಾಟಿನ ಒಂದು ಇಡೀ ಅರೆಯ, ಅಂದರೆ ಒಂದು ಖಾನೆಯ, ಹಾಳೆಗಳು ಪುಡಿಯಾದವು. ಅಷ್ಟರಲ್ಲಿ ಕಾಲೇಜು ತಪಾಸಣೆಗೆ ತಂಡ ಬರುತ್ತದೆಂಬ ಸುದ್ದಿ. ಖಾಲಿ ಅರೆ ಕಾಣಬಾರದೆಂದು ಹುಡುಗರನ್ನು ಓಡಿಸಿ ಆಷಾಢದಲ್ಲೇ ಹುಲ್ಲು ತರಿಸಿದರು. ಒಂದರಲ್ಲೂ ಹೂವಿರಲಿಲ್ಲ. ಬೈಯುವುದಕ್ಕೆ ಮೇಡಂ ಇರಲಿಲ್ಲ.

ಆ ರಾಶಿಯಲ್ಲಿ ಎರಡು ಹುಲ್ಲುಗಳಿದ್ದವು. ಎರಡರ ಕಾಂಡದ ಗಿಣ್ಣಿನಲ್ಲೂ ಬಿಳಿ ರೋಮ. ಒಂದು ಮಾರವೇಲ, ಗುಡ್ಡದ ಮೇಲೆ ತಾನಾಗಿ ಬೆಳೆಯುವ ಈ ನೆಲದ್ದೇ ಹುಲ್ಲು, ದನಗಳಿಗೆ ಪ್ರಾಣ. ಇನ್ನೊಂದು ಪ್ಯಾರಾ ಹುಲ್ಲು, ಹೊರಗಿನಿಂದ ಬಂದದ್ದು, ರೈಲುಹಳಿಯ ಪಕ್ಕ ಗಟಾರದ ನೀರಿನಲ್ಲಿ ಸೊಂಪಾಗಿ ಬೆಳೆಯುತ್ತದೆ. ಒಬ್ಬ ಲೆಕ್ಚರರ್ ಚೀಟಿಗಳನ್ನು ಬರೆದು ಆಯಾ ಹಾಳೆಯ ಮೇಲಿಟ್ಟು ಮನೆಗೆ ಹೋದರು. ನಾನು ಅಂಟು ಕಲಸುತ್ತಿದ್ದೆ. ಹೋಗಿದ್ದ ಕರೆಂಟು ಬಂತು, ಫ್ಯಾನು ತಿರುಗಿತು, ಚೀಟಿಗಳು ಹಾರಿದವು. ಹೆಚ್ಚಿನವನ್ನು ಜಾಗಕ್ಕೆ ಸೇರಿಸಿದೆ. ಈ ಎರಡು ಮಾತ್ರ ಮೇಜಿನ ಕೆಳಗೆ ಒಟ್ಟಿಗೆ ಬಿದ್ದಿದ್ದವು. ಯಾವುದು ಯಾವುದರದ್ದು? ಕೇಳೋಣವೆಂದರೆ ಲೆಕ್ಚರರ್ ಅಷ್ಟು ಹೊತ್ತಿಗೆ ಲೋಕಲ್ ರೈಲು ಹಿಡಿದಾಗಿತ್ತು. ಅಂದಾಜಿನಲ್ಲಿ ಅಂಟಿಸಿದೆ. ನಾಳೆ ಕೇಳಿದರಾಯಿತು ಎಂದುಕೊಂಡೆ. ನಾಳೆ ತಪಾಸಣೆ, ನಾಡಿದ್ದು ಪರೀಕ್ಷೆ. ಆಮೇಲೆ ಮರೆತೇಬಿಟ್ಟೆ.

ವರ್ಷಗಳು ಹೋದವು. ಫ್ರೀಜರ್ ಬಂತು, ಕಂಪ್ಯೂಟರ್ ಬಂತು, ಹಾಳೆಗಳಿಗೆಲ್ಲ ಫೋಟೊ ತೆಗೆದೆವು. ಹುಡುಗರು ಮೊಬೈಲ್ ಹಿಡಿದು ಹುಲ್ಲಿನ ಹೆಸರು ಕೇಳುವ ಕಾಲವೂ ಬಂತು. ಒಮ್ಮೆ ಒಬ್ಬಳು ಹೂವಿಲ್ಲದ ಹುಲ್ಲಿಗೆ ಮೊಬೈಲ್ ಹಿಡಿದಳು, ಅದು ಭತ್ತ ಎಂದಿತು. ಅದೇ ಹುಲ್ಲನ್ನು ಇನ್ನೊಂದು ಕೋನದಿಂದ ತೋರಿಸಿದರೆ ಬಿದಿರು ಎಂದಿತು. ನಾನು ದೊಡ್ಡಸ್ತಿಕೆಯಿಂದ ಕಪಾಟು ತೆರೆದು, ಬಾ, ಹಾಳೆಯ ಜೊತೆ ಹೋಲಿಸಿ ನೋಡು ಎಂದೆ. ಮೊಬೈಲಿಗಿಂತ ನಮ್ಮ ಹಾಳೆ ಮೇಲು ಎಂಬ ಜಂಬ ನನಗೆ ಬಹಳ ಇತ್ತು.

ಈಗ ಶರಣಮ್ಮನ ವಿಷಯ. ನಾನು ಸ್ಟೇಷನ್ನಿನಿಂದ ಕಾಲೇಜಿಗೆ ನಡೆಯುವ ದಾರಿಯಲ್ಲಿ ಒಂದು ದೇವಸ್ಥಾನ. ಅದರ ಬಾಗಿಲ ಪಕ್ಕ ಒಂದು ಆಕಳು ಕಟ್ಟಿಕೊಂಡು, ಮುಂದೆ ಹುಲ್ಲಿನ ಸಣ್ಣ ಸಣ್ಣ ಕಟ್ಟುಗಳನ್ನಿಟ್ಟುಕೊಂಡು ಆಕೆ ಕೂರುತ್ತಿದ್ದಳು. ಇಲ್ಲಿಯ ಊರುಗಳಲ್ಲೆಲ್ಲ ಇದು ಇದೆ: ದರ್ಶನಕ್ಕೆ ಬಂದವರು ಒಂದು ಕಟ್ಟು ಕೊಂಡು ಆಕಳಿಗೆ ತಿನ್ನಿಸಿ, ಅದರ ಬೆನ್ನು ಮುಟ್ಟಿ ಕೈಮುಗಿದು ಆಫೀಸಿಗೆ ಓಡುತ್ತಾರೆ. ಆಕೆ ಕಲಬುರಗಿ ಕಡೆಯವಳು, ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲ, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಆಕೆ ಬೆಳಿಗ್ಗೆ ಮೊದಲ ಗಾಡಿಗೆ ಅಂಬರನಾಥಕ್ಕೆ ಹೋಗಿ, ಗುಡ್ಡದಲ್ಲಿ ಹುಲ್ಲು ಕೊಯ್ದು, ರೈಲಿನ ಲಗೇಜ್ ಡಬ್ಬಿಯಲ್ಲಿ ಹೊರೆ ತುಂಬಿಸಿಕೊಂಡು ಬರುತ್ತಿದ್ದಳು. ನಾನು ಪ್ರತಿ ಸೋಮವಾರ ಒಂದು ಕಟ್ಟು ಕೊಳ್ಳುತ್ತಿದ್ದೆ. ಕನ್ನಡದಲ್ಲಿ ನಾಲ್ಕು ಮಾತಾಡುತ್ತಿದ್ದೆವು. ನನ್ನ ಕನ್ನಡ ಪುಸ್ತಕ ಓದಿದ ಹಾಗಿದೆ ಎಂದು ಆಕೆಗೆ ನಗು.

ನನ್ನ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ, ಶ್ರಾವಣದ ಒಂದು ಹಬ್ಬದ ಮಾರನೆಯ ದಿನ ಆ ಆಕಳು ಹೊಟ್ಟೆ ಉಬ್ಬಿ ಮಲಗಿತು. ಹಬ್ಬದಲ್ಲಿ ಜನ ಲಾಡು, ಚಪಾತಿ, ಬೆಲ್ಲ ಎಂದು ಸಿಕ್ಕಿದ್ದನ್ನೆಲ್ಲ ತಿನ್ನಿಸಿದ್ದರು. ಆದರೆ ಗಟಾರದ ಹುಲ್ಲು ತಿಂದು ದನಗಳು ಕೆಡುತ್ತವೆಂಬ ಸಂದೇಶವೊಂದು ಆ ವಾರ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿತ್ತು. ಈಕೆಯೂ ಹಳಿಯ ಪಕ್ಕದ ಹುಲ್ಲನ್ನೇ ಕೊಯ್ದು ತಂದು ದೇವರ ಬಾಗಿಲಲ್ಲಿ ಮಾರುತ್ತಾಳೆ ಎಂದು ಯಾರೋ ಎಬ್ಬಿಸಿದರು. ದೇವಸ್ಥಾನದ ಕಮಿಟಿಯವರು ಕೆಟ್ಟವರಲ್ಲ. ಸುಮ್ಮನೆ ಓಡಿಸುವುದು ಬೇಡ, ತಿಳಿದವರನ್ನು ಕೇಳೋಣ ಎಂದು ಆಕೆಯ ಒಂದು ಕಟ್ಟನ್ನು ನಮ್ಮ ಕಾಲೇಜಿಗೆ ಕಳಿಸಿದರು.

ಆಗ ವಿಭಾಗದ ಮುಖ್ಯಸ್ಥರು ದಾತೆ ಸರ್. ಮೆದು ಮನುಷ್ಯ. ಅವರ ವಿಷಯ ಪಾಚಿ. ಹುಲ್ಲು ಬಲ್ಲವರು ಸಬನೀಸ್ ಮೇಡಂ ನಂತರ ನಮ್ಮಲ್ಲಿ ಯಾರೂ ಬಂದಿರಲಿಲ್ಲ. ಸಸ್ಯಶಾಸ್ತ್ರದವರಿಗೆಲ್ಲ ಎಲ್ಲ ಗಿಡವೂ ಗೊತ್ತು ಎಂದು ಹೊರಗಿನವರು ನಂಬುತ್ತಾರೆ. ಕಣ್ಣಿನ ಡಾಕ್ಟರಿಗೆ ಹಲ್ಲು ತೋರಿಸಿದ ಹಾಗೆ ಅದು. ಇಷ್ಟು ವರ್ಷ ಹಾಳೆಗಳ ನಡುವೆಯೇ ಇದ್ದೀರಿ, ನೀವೇ ಹೋಲಿಸಿ ಹೇಳಿ ಎಂದು ಸರ್ ಕಟ್ಟನ್ನು ನನ್ನ ಕೈಗೆ ಕೊಟ್ಟರು. ನನಗೆ ಆ ದಿನ ಆದಷ್ಟು ಹೆಮ್ಮೆ ಬಡ್ತಿಯ ದಿನವೂ ಆಗಿರಲಿಲ್ಲ.

ಕಟ್ಟಿನ ಹುಲ್ಲಿನಲ್ಲಿ ಹೂವಿರಲಿಲ್ಲ. ಹೂವಿಲ್ಲದ್ದಕ್ಕೆ ಹೆಸರು ಕೊಡಬಾರದೆಂದು ಕಲಿತದ್ದು ನೆನಪಿತ್ತು, ಆದರೂ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಅರೆಯಿಂದ ಎರಡು ಹಾಳೆ ತೆಗೆದು ಇಟ್ಟೆ. 'ಪ್ಯಾರಾ' ಎಂದು ಚೀಟಿಯಿದ್ದ ಹಾಳೆಗೆ ಹೊಂದಿತು, ಎಲೆಗೆ ಎಲೆ, ಗಿಣ್ಣಿಗೆ ಗಿಣ್ಣು. ಹಾಗೆಂದೆ. ಸರ್ ನನ್ನನ್ನು ನಂಬಿ ಎರಡು ಸಾಲು ಟೈಪ್ ಮಾಡಿಸಿ ಸಹಿ ಹಾಕಿದರು. ಎರಡೇ ದಿನಕ್ಕೆ ಶರಣಮ್ಮನನ್ನು ಅಲ್ಲಿಂದ ಎಬ್ಬಿಸಿದರು. ಆಕೆಗೆ ಆಕಳನ್ನು ಬಾಡಿಗೆಗೆ ಕೊಟ್ಟಿದ್ದ ತಬೇಲೆಯವನು, ಅಂದರೆ ದನದ ಕೊಟ್ಟಿಗೆಯ ಮಾಲೀಕ, ಚೇತರಿಸಿಕೊಂಡ ಅದನ್ನು ವಾಪಸು ಹೊಡೆದುಕೊಂಡು ಹೋದ.

ನಾನು ಆ ದಿನ ಸಂಜೆ ಅದೇ ದಾರಿಯಲ್ಲಿ ಬರುವಾಗ ಆಕೆ ಗೋಣಿ ಮಡಚುತ್ತಿದ್ದಳು. ಕಣ್ಣು ತಪ್ಪಿಸಿ ಹೋಗೋಣವೆಂದುಕೊಂಡೆ, ಆಗಲಿಲ್ಲ. ಕಾಲೇಜಿನಲ್ಲಿ ಹುಲ್ಲು ನೋಡಿದವಳು ನಾನೇ ಎಂದು ಆಕೆಗೆ ಯಾರೋ ಹೇಳಿದ್ದರು. ಜಗಳವಾಡಲಿಲ್ಲ.

"ಅಕ್ಕಾರ, ನಾಲಾದ ಹುಲ್ಲಿಗಿ ಮೈತುಂಬ ರೋಮ ಇರ್ತಾವ್ರಿ," ಎಂದಳು. "ನನ್ನ ಹುಲ್ಲಿಗಿ ಗಿಣ್ಣಿನ ಸುತ್ತ ಅಷ್ಟೇ. ನೀವು ಓದಿದವರು. ಒಂದ್ಸಲ ಕೈಯಾಡಿಸಿ ನೋಡಬೇಕಿತ್ತು."

ನನಗೆ ಸಿಟ್ಟು ಬಂತು. ಮೂವತ್ತು ವರ್ಷದ ಅನುಭವಕ್ಕೆ ಪಾಠ ಹೇಳಲು ಬಂದಳಲ್ಲ ಎಂದುಕೊಂಡೆ. ಆ ಸಿಟ್ಟಿನಲ್ಲೇ ಮರುದಿನ ಬೇಗ ಹೋಗಿ, ಆಕೆಯದು ತಪ್ಪೆಂದು ನನಗೆ ನಾನೇ ತೋರಿಸಿಕೊಳ್ಳಲು ಎರಡೂ ಹಾಳೆಗಳನ್ನು ಲೆನ್ಸಿನ ಕೆಳಗಿಟ್ಟೆ. 'ಪ್ಯಾರಾ' ಎಂದಿದ್ದ ಹುಲ್ಲಿನ ಕಾಂಡ ತೆಳ್ಳಗೆ, ಅದನ್ನು ಸುತ್ತಿದ ಎಲೆಯ ಬುಡ ನುಣ್ಣಗೆ, ರೋಮ ಗಿಣ್ಣಿನ ಸುತ್ತ ಮಾತ್ರ. 'ಮಾರವೇಲ' ಎಂದಿದ್ದದ್ದು ದಪ್ಪ ಟೊಳ್ಳು ಕಾಂಡ, ಮೈಯೆಲ್ಲ ರೋಮ, ಕೆಳಗಿನ ಗಿಣ್ಣುಗಳಿಂದ ಒಣಗಿದ ಬೇರುಗಳು ಇಳಿಬಿದ್ದಿದ್ದವು. ಕೆಸರಿನಲ್ಲಿ ತೆವಳಿ ಬೇರು ಬಿಡುವ ಹುಲ್ಲು ಅದು. ಪುಸ್ತಕ ತೆಗೆದೆ, ಪುಸ್ತಕವೂ ಶರಣಮ್ಮ ಹೇಳಿದ್ದನ್ನೇ ಹೇಳಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆಗ ಎಲ್ಲ ನೆನಪಾಯಿತು. ಸ್ಟೂಲಿನ ಮೇಲೆ ಕೂತುಬಿಟ್ಟೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಅಂಟು ಹಳೆಯದು. ಒದ್ದೆ ಹತ್ತಿ ಇಟ್ಟರೆ ಐದು ನಿಮಿಷದಲ್ಲಿ ಚೀಟಿ ಎದ್ದುಬರುತ್ತದೆ. ಎರಡನ್ನೂ ಅದಲುಬದಲು ಮಾಡಿ ಅಂಟಿಸಿದರೆ ಹಾಳೆಗಳು ಸರಿಯಾಗುತ್ತವೆ, ಹುಡುಗರು ಸರಿಯಾದ್ದನ್ನು ಕಲಿಯುತ್ತಾರೆ, ನಾನು ಹಾರ ಹಾಕಿಸಿಕೊಂಡು ನಿವೃತ್ತಳಾಗುತ್ತೇನೆ. ಹತ್ತಿಯನ್ನು ನೀರಿಗೆ ಅದ್ದಿಯೂ ಅದ್ದಿದೆ. ತಡೆದದ್ದು ದೊಡ್ಡ ಗುಣವಲ್ಲ, ಸಬನೀಸ್ ಮೇಡಂ ಮೇಲಿನ ಹಳೆಯ ಹೆದರಿಕೆ. ಆಮೇಲೆ ಶರಣಮ್ಮನ ಮುಖ ಕಣ್ಣ ಮುಂದೆ ಬಂತು. ಚೀಟಿ ಬದಲಿಸಿದರೆ ಹಾಳೆ ಸರಿಯಾಗುತ್ತಿತ್ತು, ಆಕೆಯ ಜಾಗ ವಾಪಸು ಬರುತ್ತಿರಲಿಲ್ಲ.

ದಾತೆ ಸರ್ ಬಂದ ಕೂಡಲೇ ಹೇಳಿದೆ. ಫ್ಯಾನು, ಮೇಜಿನ ಕೆಳಗೆ ಬಿದ್ದ ಚೀಟಿ, ನಾಳೆ ಕೇಳೋಣವೆಂದದ್ದು, ಎಲ್ಲ. ಅವರು ಎರಡೂ ಹಾಳೆಗಳನ್ನು ತರಿಸಿ ತಾವೇ ಲೆನ್ಸಿನಲ್ಲಿ ನೋಡಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹಾಳೆ ನೋಡದೆ ಸಹಿ ಹಾಕಿದ್ದು ತಾನು, ಅರ್ಧ ಪಾಲು ತನ್ನದು ಎಂದರು. ಹಿಂದಿನ ಕಾಗದ ತಪ್ಪು ಎಂದು ಇನ್ನೊಂದು ಕಾಗದ ಬರೆದು ಕೊಟ್ಟರು. ಅಂಥ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕರೆ ಅವರಿಂದ ಯಾವುದನ್ನೂ ಮುಚ್ಚಿಡಬೇಡಿ.

ಶರಣಮ್ಮನನ್ನು ಹುಡುಕಲು ಒಂದು ವಾರ ಹಿಡಿಯಿತು. ಆಕೆಯ ವಠಾರದವರು ತುರ್ಭೆಯ ತರಕಾರಿ ಮಾರ್ಕೆಟ್ಟಿಗೆ ಹೋಗುತ್ತಾಳೆ ಎಂದರು. ಠಾಣೆ ಊರಿನ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಹೋದೆ. ಲಾರಿಗಳ ನಡುವೆ ಹೆಂಗಸರ ಸಾಲಿನಲ್ಲಿ ಕೂತು ಕೊತ್ತಂಬರಿ ಆರಿಸಿ ಕಟ್ಟು ಕಟ್ಟುತ್ತಿದ್ದಳು. ಹಳದಿ ಎಲೆಯನ್ನು ನೋಡದೆಯೇ ಬೆರಳು ಆರಿಸುತ್ತಿತ್ತು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಶರಣಮ್ಮ, ತಪ್ಪು ನನ್ನದು. ನಿಮ್ಮ ಹುಲ್ಲು ಗುಡ್ಡದ್ದೇ," ಎಂದೆ.

ಆಕೆ ಕಟ್ಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಅದು ನನಗ ಗೊತ್ತೇ ಅದರಿ," ಎಂದಳು. "ಗುಡಿ ಮಂದಿ ಮುಂದ ಹೇಳ್ರಿ."

ಕಾಗದ ತಲುಪಿಸಿದರೆ ಸಾಕೆಂದು ನಾನು ಲೆಕ್ಕ ಹಾಕಿದ್ದೆ. ಆಕೆ ಹೇಳಿದ ಮೇಲೆ ಕಾಗದದ ಹಿಂದೆ ಅಡಗುವ ಹಾಗಿರಲಿಲ್ಲ. ಆ ಶನಿವಾರ ಎರಡೂ ಹಾಳೆಗಳನ್ನು ರಟ್ಟಿನ ನಡುವೆ ಕಟ್ಟಿಕೊಂಡು ಕಮಿಟಿಯವರ ಮುಂದೆ ನಿಂತೆ. ಪಕ್ಕದಲ್ಲಿ ಶರಣಮ್ಮ, ಬೆಳಿಗ್ಗೆ ಕೊಯ್ದ ಎರಡು ಹಿಡಿ ಹಸಿ ಹುಲ್ಲು ಹಿಡಿದು, ಒಂದು ಗುಡ್ಡದ್ದು, ಒಂದು ಹಳಿಯ ಪಕ್ಕದ್ದು. ನನ್ನ ಮರಾಠಿ ಚೆನ್ನಾಗಿದೆ, ಆದರೂ ಆ ದಿನ ತೊದಲಿದೆ. ಚೀಟಿ ನಾನು ಅದಲುಬದಲು ಅಂಟಿಸಿದ್ದು, ಈಕೆಯ ಹುಲ್ಲಿನಲ್ಲಿ ದೋಷವಿಲ್ಲ ಎಂದೆ. ಕಾರ್ಯದರ್ಶಿ ವಯಸ್ಸಾದ ಮನುಷ್ಯ, ಬ್ಯಾಂಕಿನಲ್ಲಿ ದುಡಿದವರು. ಶರಣಮ್ಮ ಹುಲ್ಲನ್ನು ಅವರ ಮುಂದೆ ಚಾಚಿದಳು. ಅವರು ಒಂದು ಕಾಂಡದ ಮೇಲೆ ಬೆರಳಾಡಿಸಿದರು, ಆಮೇಲೆ ಇನ್ನೊಂದರ ಮೇಲೆ. ಮತ್ತೆ ಮೊದಲನೆಯದರ ಮೇಲೆ. ಈಕೆಯ ಜಾಗ ಹಾಗೇ ಇದೆ, ಸೋಮವಾರದಿಂದ ಕೂರಲಿ ಎಂದು ಮೆಲ್ಲಗೆ ಹೇಳಿದರು. ತಬೇಲೆಯವನಿಗೆ ತಾವೇ ಫೋನ್ ಮಾಡಿದರು. ನನ್ನತ್ತ ನೋಡಲಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ.

ಹೊರಗೆ ಬಂದಾಗ ನಾನು ಅತ್ತೆ. ಶರಣಮ್ಮ ಅಳಲಿಲ್ಲ. ಗುಡ್ಡದ ಹುಲ್ಲಿನ ಒಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಅಗಿಯಲು ಹೇಳಿದಳು. ಸಣ್ಣಗೆ ಸಿಹಿ ಇತ್ತು. ಮೂವತ್ತು ವರ್ಷ ಹುಲ್ಲಿನ ಜೊತೆ ಇದ್ದು ನಾನು ಅದನ್ನು ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ. ಸಬನೀಸ್ ಮೇಡಂ ಗುಡ್ಡದಲ್ಲಿ ಸದಾ ಏನನ್ನೋ ಅಗಿಯುತ್ತಿದ್ದದ್ದು ಯಾಕೆಂದು ಆವತ್ತು ತಿಳಿಯಿತು.

ಉಳಿದ ತಿಂಗಳುಗಳಲ್ಲಿ ಆಕೆ ನನ್ನನ್ನು ಎರಡು ಸಲ ಗುಡ್ಡಕ್ಕೆ ಕರೆದುಕೊಂಡು ಹೋದಳು. ಯಾವ ಹುಲ್ಲನ್ನು ಆಕಳು ಮೂಸಿ ಬಿಡುತ್ತದೆ, ಯಾವುದರ ಮುಳ್ಳು ಸೀರೆಗೆ ಹೊಲಿಗೆ ಹಾಕಿದ ಹಾಗೆ ಹತ್ತುತ್ತದೆ, ಯಾವುದನ್ನು ಹಿಸುಕಿದರೆ ನಿಂಬೆಯ ಪರಿಮಳ ಬರುತ್ತದೆ ಎಂದೆಲ್ಲ ತೋರಿಸಿದಳು. ದೀಪಾವಳಿ ಹೊತ್ತಿಗೆ ತೆನೆ ಬಂದ ಮಾರವೇಲ ತಂದು ಹೊಸ ಹಾಳೆಗಳನ್ನೂ ಮಾಡಿದೆ. ಈ ಸಲ ಫ್ಯಾನು ಆರಿಸಿಯೇ ಚೀಟಿ ಮುಟ್ಟಿದ್ದು.

ಹಳೆಯ ಎರಡು ಹಾಳೆಗಳಿಗೆ ತಿದ್ದುಪಡಿ ಚೀಟಿ ಹಚ್ಚಬೇಕಿತ್ತು. 'ಗುರುತಿಸಿದವರು' ಎಂಬಲ್ಲಿ ಯಾರ ಹೆಸರು ಬರೆಯಲಿ ಎಂದು ಸರ್ ಅವರನ್ನು ಕೇಳಿದೆ. ಅಲ್ಲಿ ಸಾಮಾನ್ಯವಾಗಿ ಡಿಗ್ರಿ ಇದ್ದವರ ಹೆಸರೇ ಇರುವುದು. ಗುರುತಿಸಿದ್ದು ಯಾರು ಎಂದು ಅವರು ನನ್ನನ್ನೇ ತಿರುಗಿ ಕೇಳಿದರು.

ನನ್ನ ಕೊನೆಯ ವಾರದಲ್ಲಿ ಶರಣಮ್ಮನನ್ನು ಕೋಣೆಗೆ ಕರೆದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದಳು. ಆಕೆಯ ಎದುರಿಗೇ ಚೀಟಿ ಬರೆದೆ, 'ಗುರುತಿಸಿದವರು' ಎಂಬಲ್ಲಿ ಆಕೆಯ ಹೆಸರು, ಕೆಳಗೆ ಅದನ್ನೇ ಕನ್ನಡದಲ್ಲಿಯೂ ಬರೆದೆ. ಓದಲು ಬರದಿದ್ದರೂ ಅದು ನಮ್ಮ ಅಕ್ಷರವೆಂದು ಆಕೆಗೆ ಗೊತ್ತಾಯಿತು. ಪಕ್ಕದಲ್ಲಿ ನಾನು ತಪ್ಪಾಗಿ ಅಂಟಿಸಿದ್ದ ಹಳೆಯ ಚೀಟಿ ತೋರಿಸಿ, ತಪ್ಪು ಅಂದಮೇಲೆ ಅದನ್ನು ಕಿತ್ತು ಒಗೆಯಬಾರದೇ ಎಂದು ಕೇಳಿದಳು. ಕೀಳುವ ಹಾಗಿಲ್ಲ, ಎರಡೂ ಇರಬೇಕು, ಈ ಹಾಳೆ ಇರುವ ತನಕ ಇರುತ್ತವೆ ಎಂದೆ.

ಆಕೆ ಎರಡು ಚೀಟಿಗಳನ್ನೂ ಬೆರಳಿನಿಂದ ಮುಟ್ಟಿದಳು.

"ಹಂಗಾದ್ರ ಇಬ್ಬರೂ ಇಲ್ಲೇ ಇರ್ತೀವಲ್ರಿ, ಅಕ್ಕಾರ," ಎಂದಳು.

ಬಾಗಿಲಿನ ಎಡಗಡೆಯ ಕಪಾಟು, ಮೇಲಿನಿಂದ ಮೂರನೆಯ ಅರೆ. ಹೊಸದಾಗಿ ಬಂದವರು ಮೊದಲ ದಿನವೇ ಆ ಎರಡು ಹಾಳೆಗಳನ್ನು ತೆಗೆದು ನೋಡಿ. ಮೊದಲು ನಾನು ಅಂಟಿಸಿದ್ದನ್ನು ಓದಿ, ಆಮೇಲೆ ಆಕೆಯ ಹೆಸರನ್ನು.